ರೇಷ್ಮೆ ಲಾಡಿ

ಮೊದಲು ತುರಿಸಿತು. ಅಷ್ಟೇ.

ಬಲಗಡೆ, ಸೊಂಟದ ಮೂಳೆಯ ಮೇಲೆ, ಲಂಗದ ಗಂಟು ಕೂರುವ ಜಾಗದಲ್ಲಿ. ನಾಲ್ಕನೇ ತರಗತಿಗೆ ಹನ್ನೆರಡರ ಮಗ್ಗಿ ಹೇಳಿಸುತ್ತಿದ್ದೆ. ಮಕ್ಕಳ ಮುಂದೆ ಸೊಂಟ ಕೆರೆದುಕೊಳ್ಳುವುದು ಹೇಗೆ? ಏನೋ ಯೋಚಿಸುವವಳ ಹಾಗೆ ಮೇಜಿನ ಮೂಲೆಗೆ ಒರಗಿ, ಸೀರೆಯ ಮೇಲಿಂದಲೇ ಉಜ್ಜಿಕೊಂಡೆ. ಹಿತವಾಯಿತು. ಬೆವರುಸಾಲೆ ಇರಬೇಕು ಎಂದುಕೊಂಡು ಮರೆತೆ.

ಇದು ಹೋದ ಆಷಾಢದ ಮಾತು. ಈಗ ಸಂಕ್ರಾಂತಿ ಕಳೆದಿದೆ. ಲಂಗದ ಲಾಡಿಯ ವಿಷಯವನ್ನು ಯಾರಾದರೂ ಬರೆಯುತ್ತಾರೆಯೇ ಎಂದು ಎರಡು ವಾರ ಹಿಂಜರಿದೆ. ಯಾರೂ ಬರೆಯದೆ, ಯಾರೂ ಹೇಳದೆ ಇದ್ದದ್ದರಿಂದಲೇ ನಾನು ಇಷ್ಟು ಪಾಡು ಪಟ್ಟದ್ದು ಅನ್ನಿಸಿ ಕೊನೆಗೆ ಕೂತಿದ್ದೇನೆ.

ನಾನು ಕೊಳ್ಳೇಗಾಲದವಳು. ನಮ್ಮೂರು ಮದರಾಸಿನ ಕೈಯಿಂದ ಮೈಸೂರಿಗೆ ಬಂದ ವರ್ಷ ನಾನು ಮೂರನೇ ತರಗತಿ. ಅಪ್ಪ ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡುತ್ತಾರೆ. ಬಿಸಿನೀರಲ್ಲಿ ಗೂಡು ಬೇಯಿಸಿ ಎಳೆ ತೆಗೆದು ತೆಗೆದು ಅವರ ಬೆರಳ ತುದಿಗಳು ಯಾವಾಗಲೂ ಬೆಳ್ಳಗೆ ಸುಕ್ಕುಗಟ್ಟಿರುತ್ತವೆ. ಟ್ರೈನಿಂಗ್ ಮುಗಿಸಿ ಹನೂರಿನ ಪ್ರೈಮರಿ ಶಾಲೆಗೆ ಟೀಚರ್ ಆಗಿ ಹೋದಾಗ ನಮ್ಮ ಬೀದಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ಹುಡುಗಿ ನಾನು. ಅವ್ವ ಬೀದಿಗೆಲ್ಲ ಸಕ್ಕರೆ ಹಂಚಿದಳು.

ಸೀರೆ ಉಟ್ಟು ಅಭ್ಯಾಸವಿರಲಿಲ್ಲ. ಅದುವರೆಗೆ ಲಂಗ ದಾವಣಿ. ಕೆಲಸಕ್ಕೆ ಸೇರಿದ ಮೊದಲ ವಾರವೇ, ಬೋರ್ಡಿನ ಮೇಲ್ತುದಿಯಲ್ಲಿ ತಾರೀಖು ಬರೆಯಲು ಕೈ ಎತ್ತಿದಾಗ, ಒಳಗೆ ಲಂಗದ ಗಂಟು ಬಿಚ್ಚಿಕೊಂಡಿತು. ನೆರಿಗೆಯ ಭಾರಕ್ಕೆ ಸೀರೆ, ಲಂಗ ಎರಡೂ ಜಾರಿದವು. ಮೊಣಕಾಲಿನ ಹತ್ತಿರ ಹೇಗೋ ಹಿಡಿದುಕೊಂಡು ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ನಲವತ್ತು ಮಕ್ಕಳು ಹೋ ಎಂದು ನಕ್ಕವು. ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಬಾಗಿಲಲ್ಲಿ ಹಾಜರಿ ಪುಸ್ತಕ ಹಿಡಿದು ಹೆಡ್ಮಾಸ್ಟರು ನಿಂತಿದ್ದರು. ಪಾಪ, ಅವರು ಬೆನ್ನು ತಿರುಗಿಸಿ ಹೋದರು. ಭೂಮಿ ಬಾಯಿ ಬಿಡಬಾರದೇ ಅನ್ನುತ್ತಾರಲ್ಲ, ಆವತ್ತು ನನಗೆ ನಿಜವಾಗಿಯೂ ಹಾಗೆ ಅನ್ನಿಸಿತ್ತು.

ಆ ಶನಿವಾರ ಊರಿಗೆ ಬಂದವಳೇ ಅಪ್ಪನ ಹತ್ತಿರ ಉಳಿಕೆ ರೇಷ್ಮೆ ಎಳೆ ಕೇಳಿದೆ. ಲಂಗಕ್ಕಿದ್ದ ಬಟ್ಟೆಯ ಲಾಡಿ ಕಿತ್ತು ಬಿಸಾಕಿದೆ. ಎಂಟು ಎಳೆ ಸೇರಿಸಿ, ತೊಡೆಯ ಮೇಲಿಟ್ಟು ಹೊಸೆದು, ಹುರಿ ಮಾಡಿ ಲಾಡಿ ಪೋಣಿಸಿದೆ. ಸಣ್ಣಗಿತ್ತು, ಗಟ್ಟಿಯಿತ್ತು. ಎತ್ತು ಕಟ್ಟಿದರೂ ಹರಿಯದು ಎಂದು ಅಪ್ಪನಿಗೆ ತೋರಿಸಿ ಜಂಬಪಟ್ಟೆ. ಅಪ್ಪನೂ ಎಳೆದು ನೋಡಿ ತಲೆದೂಗಿದರು.

ರೇಷ್ಮೆ ಜಾರುತ್ತದೆ. ಅದಕ್ಕೇ ಉಸಿರು ಒಳಗೆಳೆದು, ಹೊಟ್ಟೆ ಬೆನ್ನಿಗೆ ಹತ್ತಿಸಿ, ಎರಡು ಗಂಟು ಹಾಕಿ, ಮೇಲೊಂದು ಕುಣಿಕೆ ಬಿಗಿಯುತ್ತಿದ್ದೆ. ಬಾಡಿಗೆ ಕೋಣೆಯ ಅಗುಳಿ ಸರಿಯಿಲ್ಲವೆಂದು ಮಲಗುವಾಗಲೂ ಸಡಿಲ ಮಾಡುತ್ತಿರಲಿಲ್ಲ. ಇನ್ನು ಬ್ರಹ್ಮ ಬಂದರೂ ನನ್ನ ಸೀರೆ ಜಾರದು ಅನ್ನುವ ಧೈರ್ಯ ಬಂತು.

ಅದರ ಜೊತೆಗೆ ಬೇರೆಯವೂ ಬಂದವು. ಮಧ್ಯಾಹ್ನ ಉಂಡರೆ ಎದೆಯುರಿ, ಹುಳಿತೇಗು. ಪದ್ಯ ಹೇಳಿಕೊಡುವಾಗ ಎರಡು ಸಾಲಿಗೊಮ್ಮೆ ಏದುಸಿರು. ಸಂಜೆಯ ಹೊತ್ತಿಗೆ ಬಲತೊಡೆಯ ಹೊರಮಗ್ಗುಲು ಜೋಮು ಹಿಡಿದು, ಚಿವುಟಿದರೂ ಗೊತ್ತಾಗುತ್ತಿರಲಿಲ್ಲ. ಎದೆಯುರಿಗೆ ಹುರುಳಿ ಸಾರು ಕಾರಣವೆಂದೆ. ಏದುಸಿರಿಗೆ ಸೀಮೆಸುಣ್ಣದ ಪುಡಿ ಕಾರಣವೆಂದೆ. ಜೋಮಿಗೆ ಬಸ್ಸಿನ ಸೀಟನ್ನು ಬೈದೆ. ಮಕ್ಕಳಿಗೆ ಕಾರಣ ಹುಡುಕಿ ಉತ್ತರ ಬರೆಯಿರಿ ಎನ್ನುವ ಟೀಚರು ನಾನು.

ತುರಿಕೆ ನಿಲ್ಲಲಿಲ್ಲ. ಚರ್ಮ ಕಪ್ಪಾಯಿತು, ಆಮೇಲೆ ಸಿಪ್ಪೆ ಎದ್ದಿತು. ಆಮೇಲೆ ಸಣ್ಣ ಗುಳ್ಳೆಗಳು. ಕೆರೆದ ಕಡೆ ನೀರು ಒಸರತೊಡಗಿತು. ಕೊಬ್ಬರಿ ಎಣ್ಣೆ ಸವರಿ, ಅದರ ಮೇಲೆಯೇ ಲಾಡಿ ಬಿಗಿದು ಶಾಲೆಗೆ ಹೋಗುತ್ತಿದ್ದೆ.

ಮನೆಯೊಡತಿ ಸಣ್ಣತಾಯಮ್ಮ ವಯಸ್ಸಾದವರು, ನನ್ನನ್ನು ಮಗಳ ಹಾಗೆ ನೋಡಿಕೊಳ್ಳುತ್ತಿದ್ದರು. ಒಂದು ಶನಿವಾರ ಎಣ್ಣೆ ಹಚ್ಚಿಕೊಂಡಿದ್ದೆ. ಬೆನ್ನು ಉಜ್ಜಲು ಬಂದರು. ಉಜ್ಜುವ ಕೈ ಸೊಂಟದ ಹತ್ತಿರ ನಿಂತುಹೋಯಿತು.

"ಮೇಷ್ಟ್ರಮ್ಮ, ಇದೇನವ್ವ ಇದು?"

"ಬೆವರುಸಾಲೆ ಕಣಮ್ಮ."

"ಯಾವ ಬೆವರುಸಾಲೆ ಇಂಗೆ ದಾರ ಇಡ್ದಂಗೆ ಸುತ್ಕತದ? ಅಯ್ಯೋ ನಮ್ಮವ್ವ, ಇದು ಸರ್ಪಸುತ್ತು ಕಣವ್ವ!"

ಸರ್ಪಸುತ್ತು ನಮ್ಮ ಕಡೆಯವರಿಗೆಲ್ಲ ಗೊತ್ತು. ಮೈಮೇಲೆ ಒಂದು ಕಡೆ ಗುಳ್ಳೆ ಎದ್ದು, ಹಾವು ಹರಿದ ಹಾಗೆ ಪಟ್ಟೆಯಾಗಿ ಮುಂದುವರಿಯುತ್ತದೆ. ಸೊಂಟ ಸುತ್ತಿ ತಲೆಯೂ ಬಾಲವೂ ಒಂದಕ್ಕೊಂದು ಮುಟ್ಟಿದರೆ ಮನುಷ್ಯ ಉಳಿಯುವುದಿಲ್ಲ ಎಂಬ ನಂಬಿಕೆ. ಟ್ರೈನಿಂಗಿನಲ್ಲಿ ಆರೋಗ್ಯಶಾಸ್ತ್ರ ಓದಿ ಪಾಸಾದವಳು ನಾನು. ಆದರೂ ಒದ್ದೆ ಮೈಯಲ್ಲಿ ನಿಂತು ಕೈಯಿಂದ ಸವರಿ ನೋಡಿಕೊಂಡೆ. ಬಲಗಡೆಯಿಂದ ಹೊರಟ ಉರಿ ಬೆನ್ನನ್ನೂ ಹೊಟ್ಟೆಯನ್ನೂ ಹಾದು ಎಡಗಡೆಗೆ ಬಂದಿತ್ತು. ನಡುವೆ ಸ್ವಲ್ಪ ಜಾಗ ಮಾತ್ರ ಉಳಿದಿತ್ತು.

ನಾಲ್ಕು ಬೆರಳು.

ಅಳೆದವಳು ಅವ್ವ. ರಜೆ ಬರೆದು ಕೊಟ್ಟು, ಹನೂರಿನಿಂದ ಬಸ್ಸು ಹತ್ತಿ ಮನೆಗೆ ಬಂದಿದ್ದೆ. ದಾರಿಯಲ್ಲಿ ಕಾಮಗೆರೆ. ಆಸ್ಪತ್ರೆಯ ಎದುರಿಗೇ ಬಸ್ಸು ನಿಂತಿತು, ಜನ ಇಳಿದರು, ಹತ್ತಿದರು. ನಾನು ಇಳಿಯಲಿಲ್ಲ. ಸುತ್ತು ಎದ್ದವರಿಗೆ ಇಂಜೆಕ್ಷನ್ ಚುಚ್ಚಿದರೆ ವಿಷ ತಲೆಗೇರುತ್ತದೆ ಎಂದು ಸಣ್ಣತಾಯಮ್ಮ ಆಣೆ ಹಾಕಿಸಿ ಕಳಿಸಿದ್ದರು.

ಅವ್ವ ಕಿಟಕಿಯ ಬೆಳಕಿನಲ್ಲಿ ನನ್ನನ್ನು ನಿಲ್ಲಿಸಿ, ಎಡಸೊಂಟದ ಮೇಲೆ ಬೆರಳು ಅಡ್ಡಡ್ಡ ಇಟ್ಟು ನೋಡಿದಳು. "ನಾಲ್ಕ್ ಬೆಟ್ಟು ಅದ. ಎದ್ರುಕಬ್ಯಾಡ ಕೂಸೇ. ಯಳಂದೂರ್ಗೆ ಓಗವ" ಎಂದಳು.

ಯಳಂದೂರು ಅವ್ವನ ತವರು. ಅವಳ ಸೋದರಮಾವ ಮಾದಪ್ಪಜ್ಜ ಅಲ್ಲಿ ಸರ್ಪಸುತ್ತಿಗೆ ಕೆಮ್ಮಣ್ಣು ಬರೆಯುವವರು. ಅಜ್ಜ ತುಂಬ ಹೊತ್ತು ನೋಡಿದರು. ಮುಟ್ಟಲಿಲ್ಲ.

"ಬೆಂಕಿ ಆಕ್ದಂಗೆ ಉರೀತದ ಮಗ?"

"ಉರಿ ಕಮ್ಮಿ ತಾತ. ಕೆರೆತವೇ ಜಾಸ್ತಿ."

"ಜ್ವರ?"

"ಇಲ್ಲ."

ಅಜ್ಜ ಲೊಚಗುಟ್ಟಿದರು. "ಸುತ್ತು ಅಂದ್ರೆ ಮನ್ಸ ಕೂರಾಕಾಗ್ದೆ ಕೂಗ್ತಾನ. ಇದ್ಯಾಕೋ ಬ್ಯಾರೆ ತರ ಕಾಣ್ತದ. ಬರ್ಯದೇನೋ ಬರೀತೀನಿ ಕಣವ್ವ. ಮೂರ್ ದಿನಕ್ಕೆ ಬಾಡ್ನಿಲ್ಲ ಅಂದ್ರೆ ಆಸ್ಪತ್ರಿಗೆ ತಕಂಡೋಗಿ."

ಕೆಮ್ಮಣ್ಣು ಅರೆದು, ಹುಣ್ಣಿನ ಎರಡು ಕೊನೆಗೂ ಗೆರೆ ಎಳೆದರು. ಉಪ್ಪು, ಹುಳಿ ಬಿಡಲು ಹೇಳಿದರು. ಅಜ್ಜ ಹೇಳಿದ್ದರಲ್ಲಿ ಉಪ್ಪಿನ ಮಾತು ಅವ್ವನ ಕಿವಿಗೆ ಬಿತ್ತು, ಆಸ್ಪತ್ರೆಯ ಮಾತು ಬೀಳಲಿಲ್ಲ. ನನ್ನ ಕಿವಿಗೂ ಬೀಳಲಿಲ್ಲ ಎನ್ನುವುದೇ ಸರಿ.

ಮೂರು ದಿನಕ್ಕೆ ಬಾಡಲಿಲ್ಲ. ಮೂರು ಬೆರಳಾಯಿತು.

ಆಗ ಅವ್ವ ಒಂದು ಉಪಾಯ ಕಂಡುಹಿಡಿದಳು. ಅದು ಅಜ್ಜ ಹೇಳಿದ್ದಲ್ಲ, ಯಾವ ಶಾಸ್ತ್ರದಲ್ಲೂ ಇಲ್ಲ, ಅವಳದೇ ಬುದ್ಧಿ. ಹಾವು ಗಂಟು ದಾಟುವುದಿಲ್ಲ ಎಂದಳು. ಅದುವರೆಗೆ ಬಲಗಡೆ ಇದ್ದ ಲಂಗದ ಗಂಟನ್ನು ಎಡಗಡೆಗೆ, ಉಳಿದ ಆ ಮೂರು ಬೆರಳಿನ ಜಾಗದ ಮೇಲೆ ಸರಿಯಾಗಿ ಕೂರುವ ಹಾಗೆ ತಿರುಗಿಸಿದಳು. ಗಂಟಿನ ಮೇಲೆ ಗಂಟು. ಅದು ಅಲುಗದಿರಲಿ ಎಂದು ಮೇಲಿಂದ ಒಂದು ಬಟ್ಟೆಯ ದಟ್ಟಿ. ಮಂಡಿಯನ್ನು ನನ್ನ ತೊಡೆಗೆ ಒತ್ತಿ, ಹಲ್ಲು ಕಚ್ಚಿ ಎಳೆದು ಕಟ್ಟಿದಳು.

"ಬಿಗೀತಾ ಕೂಸೇ?"

"ಇನ್ನೊಂಚೂರು ಬಿಗಿಯವ್ವ" ಎಂದೆ. ನಾನೇ ಅಂದೆ.

ಆಮೇಲೆ ದಿನಾ ಬೆಳಿಗ್ಗೆ ಅದೇ. ದಟ್ಟಿ ಸರಿಸುವುದು, ಗಂಟು ಪಕ್ಕಕ್ಕೆ ಮಾಡುವುದು, ಬೆರಳಿಡುವುದು. ಅವ್ವನ ಅಳತೆ ತಪ್ಪುತ್ತಿರಲಿಲ್ಲ. ಎರಡೂವರೆ. ಎರಡು. ಎರಡೇ ಉಳಿದಾಗ ಅವಳು ಇನ್ನಷ್ಟು ಬಿಗಿದಳು. ನಾನು ಗೋಡೆಯ ಕಡೆ ಮುಖ ಮಾಡಿ ನಿಂತು, ಅವಳು ಸಂಖ್ಯೆ ಹೇಳುವವರೆಗೆ ಉಸಿರು ಹಿಡಿದಿರುತ್ತಿದ್ದೆ. ಇಪ್ಪತ್ತು ವರ್ಷಕ್ಕೆ ಸಾಯುವುದು ಅಂದರೆ ಏನು ಎಂದು ಆ ಗೋಡೆಯನ್ನು ನೋಡುತ್ತ ಯೋಚಿಸಿದ್ದೇನೆ. ದೊಡ್ಡ ಯೋಚನೆಗಳೇನೂ ಬರಲಿಲ್ಲ. ಮಕ್ಕಳಿಗೆ ಭಾಗಾಕಾರ ಇನ್ನೂ ಅರ್ಧ ಉಳಿದಿದೆ ಅನ್ನಿಸುತ್ತಿತ್ತು. ಬೇರೆ ಟೀಚರು ಬಂದರೆ ಮೊದಲಿಂದ ಶುರು ಮಾಡುತ್ತಾರೇನೋ ಅನ್ನಿಸುತ್ತಿತ್ತು. ಸಾಯಲು ನನಗೆ ಇಷ್ಟವಿರಲಿಲ್ಲ. ಒಂಚೂರೂ ಇರಲಿಲ್ಲ.

ಗಂಟು ತಿರುಗಿಸಿದ ಒಂಬತ್ತನೇ ದಿನ ಅವ್ವ ಬೆರಳಿಟ್ಟಳು. ತೆಗೆದಳು. ಕಿರುಬೆರಳು ಇಟ್ಟಳು.

ಹಿಡಿಯಲಿಲ್ಲ.

ಗಂಟು ಇದ್ದ ಜಾಗದಲ್ಲೇ ಚರ್ಮ ಒಡೆದು ಎರಡು ಕೊನೆಯೂ ಸೇರಿದ್ದವು. ಅವ್ವ ಅಡುಗೆಮನೆಗೆ ಹೋದಳು. ಸೌದೆ ಮುರಿಯುವ ಸದ್ದು ಬಂತು. ಅಳುವುದು ಕೇಳಬಾರದೆಂದು ಮುರಿಯುತ್ತಿದ್ದಳು.

ನಾನು ಹೆಡ್ಮಾಸ್ಟರಿಗೆ ಕಾಗದ ಬರೆದೆ. ಸೀಮೆಸುಣ್ಣದ ಪೆಟ್ಟಿಗೆಯ ಬೀಗದ ಕೈ ಸಣ್ಣತಾಯಮ್ಮನ ಹತ್ತಿರ ಇದೆ, ಭಾಗಾಕಾರ ಶೇಷ ಉಳಿಯುವ ಲೆಕ್ಕದ ತನಕ ಆಗಿದೆ ಎಂದು. ಒಗೆದ ಸೀರೆ ಉಟ್ಟುಕೊಂಡೆ. ಚಾಪೆ ಹಾಸಿಕೊಂಡು ಮಲಗಿ, ಕಣ್ಣು ಮುಚ್ಚಿ ಕಾದೆ.

ಎಷ್ಟು ಹೊತ್ತಾದರೂ ಏನೂ ಆಗಲಿಲ್ಲ. ಬೀದಿಯಲ್ಲಿ ಸೊಪ್ಪಿನವಳು ಬಂದು ಹೋದಳು. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಚುರುಗುಟ್ಟಿತು.

"ಅವ್ವ, ಇಟ್ಟು ಬಡ್ಸು" ಎಂದೆ. "ಉಪ್ಪಾಕು. ಸಾಯೋಳ್ಗೆ ಯಾವ ಪತ್ಯ?"

ಅವ್ವ ಗೊಳೋ ಎಂದು ಅತ್ತಳು. ಅಳುತ್ತಲೇ ಮುದ್ದೆ ತಿರುವಿದಳು, ಸೊಪ್ಪಿನ ಸಾರಿಗೆ ಉಪ್ಪು ಹಾಕಿದಳು. ಹನ್ನೆರಡು ದಿನದ ಸಪ್ಪೆಯ ಮೇಲೆ ಆ ಉಪ್ಪು! ಎರಡು ಮುದ್ದೆ ಉಂಡೆ. ಕೈ ತೊಳೆಯುವಾಗ ನನಗೇ ನಾಚಿಕೆಯಾಯಿತು.

ಸಂಜೆ ಅಪ್ಪ ಕೆಲಸದಿಂದ ಬಂದರು. ಮಾತು ಕಮ್ಮಿಯ ಮನುಷ್ಯ. ಸುತ್ತು ಸೇರಿಕೊಂಡದ್ದನ್ನು ಅವ್ವ ಹೇಳಿದಳು. ಅಪ್ಪ ನನ್ನನ್ನು ನೋಡಿದರು, ನಾನು ಉಂಡು ಮೂಲೆಯಲ್ಲಿಟ್ಟಿದ್ದ ಖಾಲಿ ತಣಿಗೆಯನ್ನು ನೋಡಿದರು.

"ಯಾವಾಗ ಸೇರ್ಕತು?"

"ಬೆಳಿಗ್ಗೆ."

"ಇನ್ನೂ ಕೂತವಳಲ್ಲ" ಎಂದರು. "ನಾಳ ಮೊದಲ್ನೇ ಬಸ್ಸು. ಕಾಮಗೆರೆ."

ಕಾಮಗೆರೆಯಲ್ಲಿ ಈ ಸಲ ಇಳಿದೆವು. ಅಪ್ಪ ಹೊರಗೆ ಬೇವಿನ ಮರದ ಕೆಳಗೆ ನಿಂತರು. ಒಳಗೆ ಲೇಡಿ ಡಾಕ್ಟರು. ಕನ್ನಡಕದ ಹೆಂಗಸು, ಮಾತಿನಲ್ಲಿ ಸ್ವಲ್ಪ ತಮಿಳಿನ ರಾಗ. ಅವ್ವ ಕೈ ಮುಗಿದು, "ಸರ್ಪಸುತ್ತು ಡಾಕ್ಟ್ರಮ್ಮ. ತಲೆ ಬಾಲ ಸೇರ್ಬುಟ್ಟವ. ಸೂಜಿ ಮಾತ್ರ ಚುಚ್ಬ್ಯಾಡಿ" ಎಂದಳು.

ಡಾಕ್ಟರು ದಟ್ಟಿ ಬಿಚ್ಚಿಸಿದರು. ಲಾಡಿ ಬರಲಿಲ್ಲ. ಒಂದೇ ರಾತ್ರಿಯಲ್ಲಿ ಗಂಟು ಹುಣ್ಣಿನೊಳಗೆ ಹೂತು, ಕೀವು ಒಣಗಿ, ಚರ್ಮಕ್ಕೇ ಅಂಟಿಕೊಂಡಿತ್ತು. ನರ್ಸು ಬೆಚ್ಚಗಿನ ಉಪ್ಪುನೀರಲ್ಲಿ ಹತ್ತಿ ಅದ್ದಿ ಅದ್ದಿ ನೆನೆಸಿ, ಕತ್ತರಿ ಹಾಕಿ, ಇಂಚಿಂಚೇ ಬಿಡಿಸಿದರು. ಅರ್ಧ ಗಂಟೆ ಹಿಡಿಯಿತು. ಅಜ್ಜ ಹೇಳಿದ್ದರಲ್ಲ, ಮನುಷ್ಯ ಕೂಗುತ್ತಾನೆ ಎಂದು. ಆವತ್ತು ಕೂಗಿದೆ.

ಕೊನೆಯ ತುಂಡು ಬಂದಾಗ ಉಸಿರು ತಂತಾನೇ ಹೊಟ್ಟೆಯ ತಳದವರೆಗೆ ಇಳಿಯಿತು. ಅಷ್ಟು ಆಳಕ್ಕೆ ಉಸಿರಾಡಿ ಎಷ್ಟು ತಿಂಗಳಾಗಿತ್ತೋ. ಅಳು ಬಂತು.

ಡಾಕ್ಟರು ತಟ್ಟೆಯಲ್ಲಿದ್ದ ಹುರಿಯನ್ನು ಇಕ್ಕಳದಲ್ಲಿ ಎತ್ತಿ ನೋಡಿದರು.

"ಸರ್ಪಸುತ್ತು ಮೈಯ ಒಂದೇ ಪಕ್ಕಕ್ಕೆ ಬರುತ್ತದೆ ಅಮ್ಮಾ. ಸಾಮಾನ್ಯವಾಗಿ ಮೈಯ ನಡುಗೆರೆ ದಾಟುವುದಿಲ್ಲ. ಇದು ಸುತ್ತ ಬಂದಿದೆ, ಯಾಕೆಂದರೆ ಲಾಡಿ ಸುತ್ತ ಇದೆ. ಇಷ್ಟು ಸಣ್ಣ ಹುರಿಯನ್ನು ಇಷ್ಟು ಬಿಗಿಯಾಗಿ ಯಾಕೆ ಕಟ್ಟಿದಿರಿ?"

ಬೋರ್ಡು, ನಗು, ಹೆಡ್ಮಾಸ್ಟರ ಬೆನ್ನು, ಇವನ್ನೆಲ್ಲ ಡಾಕ್ಟರಿಗೆ ಹೇಗೆ ಹೇಳುವುದು?

ಅವರೇ ಕೇಳಿದರು. ಎದೆಯುರಿ ಇದೆಯಾ? ಇದೆ. ಏದುಸಿರು? ಇದೆ. ತೊಡೆ ಜೋಮು? ನಾನು ಕಣ್ಣರಳಿಸಿದೆ. ಹೊಟ್ಟೆಯನ್ನು ಹಗಲೂ ರಾತ್ರಿ ಬಿಗಿದರೆ ಉಂಡದ್ದು ಮೇಲಕ್ಕೆ ಒತ್ತುತ್ತದೆ, ಉಸಿರು ಕೆಳಗಿಳಿಯುವುದಿಲ್ಲ, ಸೊಂಟದ ಬಳಿ ತೊಡೆಗೆ ಹೋಗುವ ನರ ಅದುಮಿದಂತಾಗುತ್ತದೆ ಎಂದು ಒಂದೊಂದಾಗಿ ಹೇಳಿದರು. ಬೆವರು, ಉಜ್ಜಾಟ, ಕೊಳೆ ಸೇರಿ ಹುಣ್ಣು ಸೆಪ್ಟಿಕ್ ಆಗಿದೆ ಎಂದರು. ನನ್ನ ಹುರುಳಿ ಸಾರು, ಸೀಮೆಸುಣ್ಣ, ಬಸ್ಸಿನ ಸೀಟು ಎಲ್ಲ ನಿರಪರಾಧಿಗಳಾದವು.

ಆಮೇಲೆ ದನಿ ತಗ್ಗಿಸಿ, ಬಲಗಡೆಯ ಹಳೆಯ ಹುಣ್ಣಿನ ಅಂಚು ಗಟ್ಟಿಯಾಗಿದೆ, ಒಂದು ಚೂರು ತೆಗೆದು ಮೈಸೂರಿಗೆ ಟೆಸ್ಟಿಗೆ ಕಳಿಸುತ್ತೇನೆ ಎಂದರು. "ಒಂದೇ ಜಾಗ ವರ್ಷಗಟ್ಟಲೆ ಉಜ್ಜಿ ಮಾಯದೆ ಉಳಿದರೆ, ಎಲ್ಲೋ ಕೆಲವರಿಗೆ ಕ್ಯಾನ್ಸರ್ ಆಗುವುದುಂಟು. ನಿಮಗೆ ಇರಲಾರದು. ನೋಡಿಬಿಡೋಣ."

ಸೂಜಿ ಚುಚ್ಚಿದರು. ಅವ್ವ ಬಾಗಿಲು ಹಿಡಿದು ನಿಂತಿದ್ದಳು. ವಿಷ ತಲೆಗೇರಲಿಲ್ಲ.

ಹತ್ತು ದಿನ ಆಸ್ಪತ್ರೆಯಲ್ಲಿದ್ದೆ. ಮುಲಾಮು, ಪೆನಿಸಿಲಿನ್, ಡ್ರೆಸ್ಸಿಂಗ್. ಅಪ್ಪ ಭಾನುವಾರ ಬಂದರು. ನರ್ಸು ಕಾಗದದಲ್ಲಿ ಕಟ್ಟಿ ಇಟ್ಟಿದ್ದ ಹುರಿಯ ತುಂಡುಗಳನ್ನು ಬಿಚ್ಚಿ ನೋಡಿ, "ನನ್ ನೂಲೇ" ಎಂದರು. ಆ ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡು ಹೋದರು. ಅಪ್ಪನ ಮೇಲೆ ತಪ್ಪಿಲ್ಲವೆಂದು ಕೂಗಿ ಹೇಳಬೇಕು ಅನ್ನಿಸಿತು, ಬಾಯಿ ಬರಲಿಲ್ಲ. ಈಗ ಬರೆಯುತ್ತಿದ್ದೇನೆ: ಅಪ್ಪ, ತಪ್ಪು ನೂಲಿನದಲ್ಲ.

ಟೆಸ್ಟಿನ ರಿಪೋರ್ಟು ಬಂತು. ಕೆಟ್ಟದ್ದೇನೂ ಇರಲಿಲ್ಲ.

ಡಾಕ್ಟರು ಕಳಿಸುವಾಗ ಮೂರು ಬೆರಳಗಲದ ಮೆತ್ತನೆಯ ಬಟ್ಟೆಯ ಲಾಡಿ ಹೊಲಿಸಿಕೊಳ್ಳಿ, ಒಳಗೆ ಎರಡು ಬೆರಳು ಹೋಗುವಷ್ಟು ಸಡಿಲ ಬಿಡಿ, ಗಂಟಿನ ಜಾಗ ದಿನಾ ಬದಲಾಯಿಸಿ, ಮಲಗುವಾಗ ಬಿಚ್ಚಿ ಎಂದರು. ಕೇಳಲು ಸುಲಭ. ನಲವತ್ತು ಮಕ್ಕಳ ಮುಂದೆ ಸಡಿಲ ಗಂಟು ಕಟ್ಟಿಕೊಂಡು ನಿಲ್ಲುವುದು ಗಾಯ ತೊಳೆಸಿಕೊಂಡದ್ದಕ್ಕಿಂತ ಕಷ್ಟವಾಗಿತ್ತು. ಮೊದಲ ದಿನ ಒಂದು ಕೈಯಲ್ಲಿ ಬರೆದು ಇನ್ನೊಂದನ್ನು ಸೊಂಟದ ಮೇಲೆಯೇ ಇಟ್ಟುಕೊಂಡಿದ್ದೆ. ಟೀಚರಿಗೆ ಕೋಪ ಬಂದಿದೆ ಎಂದು ಮಕ್ಕಳು ಸುಮ್ಮನೆ ಕೂತಿದ್ದವು. ಮೂರನೇ ದಿನ ಒಂದಿಂಚು ಜಾರಿತು. ಪುಸ್ತಕ ಓದಲು ಹೇಳಿ, ಹೊರಗೆ ಹೋಗಿ, ಸರಿಯಾಗಿ ಕಟ್ಟಿಕೊಂಡು ಬಂದೆ. ಯಾರೂ ತಲೆಯೆತ್ತಿ ಕೂಡ ನೋಡಿರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿದ್ದೆನೋ ಇಲ್ಲವೋ.

ಸಂಕ್ರಾಂತಿಗೆ ಊರಿಗೆ ಬಂದಿದ್ದೆ. ಬೆಳಿಗ್ಗೆ ಅವ್ವನಿಗೆ ಎಣ್ಣೆ ಹಚ್ಚಿ, ಬಚ್ಚಲಲ್ಲಿ ಬೆನ್ನುಜ್ಜಲು ಕೂತೆ. ಎಷ್ಟೋ ವರ್ಷದ ಮೇಲೆ ಅವಳ ಬೆನ್ನು ನೋಡಿದ್ದು. ಅವ್ವ ಲಂಗ ಉಡುವವಳಲ್ಲ. ಹಳೆಯ ಕಾಲದ ಹಾಗೆ ಸೀರೆಯನ್ನೇ ಸೊಂಟಕ್ಕೆ ಬಿಗಿದು ಗಂಟು ಹಾಕಿ, ಎಲೆಅಡಿಕೆ ಚೀಲ ಸಿಕ್ಕಿಸಿಕೊಳ್ಳುವವಳು.

ನನ್ನ ಕೈ ನಿಂತಿತು.

ಅವಳ ಸೊಂಟದ ಸುತ್ತ ಕಪ್ಪು ಪಟ್ಟೆ. ಹುಣಸೆಮರದ ತೊಗಟೆಯ ಹಾಗೆ ಒರಟು. ಎಲ್ಲಿಯೂ ಅಂತರವಿರಲಿಲ್ಲ.

"ಅವ್ವ, ಇದೇನು?"

"ಯಾವ್ದು? ಓ, ಅದಾ. ಸೀರೆ ಗುರ್ತು ಕಣವ್ವ. ಎಲ್ಲಾ ಎಂಗುಸ್ರಿಗೂ ಇರ್ತದ. ನಮ್ಮವ್ವಂಗೂ ಇತ್ತು."

ಸುತ್ತಿದೆ ಎಂದೆ. ಪೂರ್ತಿ ಸೇರಿಕೊಂಡಿದೆ ಎಂದೆ. ಅವ್ವ ಮೊದಲು ನಕ್ಕಳು. ಆಮೇಲೆ ತನ್ನ ಸೊಂಟವನ್ನು ತಾನೇ ಬೆರಳಿನಿಂದ ಸವರಿಕೊಂಡು ಹೋದಳು, ಬೆನ್ನಿನಿಂದ ಹೊಟ್ಟೆಗೆ, ಹೊಟ್ಟೆಯಿಂದ ಬೆನ್ನಿಗೆ. ನಗು ನಿಂತಿತು. ಹನ್ನೆರಡು ದಿನ ನನ್ನ ಸೊಂಟದ ಅಂತರವನ್ನು ಬೆರಳಿಟ್ಟು ಅಳೆದು, ಪ್ರಾಣ ಕೈಯಲ್ಲಿ ಹಿಡಿದುಕೊಂಡಿದ್ದವಳು ಅವಳು. ಅವಳದು ನಾನು ಹುಟ್ಟುವ ಮೊದಲೇ ಸೇರಿಹೋಗಿತ್ತು. ಅದನ್ನು ಕಾಯಿಲೆ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ನೋಡಿದವರೇ ಯಾರೂ ಇರಲಿಲ್ಲ.

ಚೀಲ ಸಿಕ್ಕಿಸುವ ಜಾಗದಲ್ಲಿ ಹುಣಸೆಬೀಜದಷ್ಟು ಹಸಿ ಗಾಯವಿತ್ತು. ಎಷ್ಟು ದಿನದಿಂದ ಎಂದು ಕೇಳಿದೆ. "ಯಾರ್ ಕಂಡ್ರು" ಎಂದಳು. "ಒಂದ್ಸಲ ಒಣಗ್ತದ, ಒಂದ್ಸಲ ಬತ್ತದ." ಅಂಚು ಮುಟ್ಟಿ ನೋಡಿದೆ. ಗಟ್ಟಿಯಿತ್ತು. ಡಾಕ್ಟರು ನನಗೆ ದನಿ ತಗ್ಗಿಸಿ ಹೇಳಿದ ಮಾತು ನೆನಪಾಯಿತು. ನಾನು ಅದನ್ನು ಅವ್ವನಿಗೆ ಹೇಳಲಿಲ್ಲ. ನನಗೆ ಭಯವಾಯಿತು. ಈಗಲೂ ಇದೆ.

ಸಂಕ್ರಾಂತಿಯ ಮರುದಿನದ ಕನುಹಬ್ಬ ಮುಗಿಸಿ, ಮಾರನೇ ದಿನ ಇಬ್ಬರೂ ಕಾಮಗೆರೆಗೆ ಹೊರಟೆವು. ಡಾಕ್ಟರು ಚೂರು ತೆಗೆದು ಮೈಸೂರಿಗೆ ಕಳಿಸಿದ್ದಾರೆ; ರಿಪೋರ್ಟಿಗೆ ಕಾಯುತ್ತಿದ್ದೇವೆ. ಬೇಗ ಬಂದಿರಿ ಎಂದೂ ಅವರು ಅನ್ನಲಿಲ್ಲ, ತಡವಾಯಿತು ಎಂದೂ ಅನ್ನಲಿಲ್ಲ. ಆದರೆ ಬಂದೆವಲ್ಲ. ನನಗೆ ಹುಣ್ಣು ಆಗಿರದಿದ್ದರೆ ಆ ಹುಣಸೆಬೀಜವನ್ನು ಯಾರು ನೋಡುತ್ತಿದ್ದರು? ಇಷ್ಟರ ಮಟ್ಟಿಗೆ ಆ ರೇಷ್ಮೆ ಲಾಡಿಗೆ ಋಣಿಯಾಗಿದ್ದೇನೆ.

ಹೊರಡುವ ಬೆಳಿಗ್ಗೆ ಅವ್ವನ ಗಂಟನ್ನು ನಾನೇ ಸಡಿಲ ಮಾಡಿ ಕಟ್ಟಿದೆ. ಒಳಗೆ ಎರಡು ಬೆರಳಿಟ್ಟು ನೋಡಿದೆ. ಅವ್ವ ಎರಡು ಹೆಜ್ಜೆ ಹಾಕಿ, ಗಾಬರಿಯಿಂದ ಸೀರೆಯನ್ನು ಕೈಯಲ್ಲಿ ಹಿಡಿದುಕೊಂಡಳು.

"ಬಸ್ಸ್‌ಸ್ಟ್ಯಾಂಡ್ನಲ್ಲಿ ಬಿದ್ದೋದ್ರೆ ಏನ್ ಮಾಡದು ಕೂಸೇ?"

"ಎತ್ತಿ ಕಟ್ಕಳದು ಕಣವ್ವ" ಎಂದೆ. "ನಾನಿವ್ನಿ, ನಡಿ."